ಮೂರು ಸಲ ಬೆಸೆದ ಬೆನ್ನಿಗೆ ಒಂದು ಸೊಂಟದ ಬೆಲ್ಟ್: ಹದಿನಾಲ್ಕು ತಿಂಗಳ ಬಳಕೆಯ ಅನುಭವ

ನಾನು ಇಲ್ಲಿ ಬರೆಯುತ್ತಿರುವುದು ಒಂದು ಸೊಂಟದ ಬೆಲ್ಟಿನ ಬಗ್ಗೆ. ವೈದ್ಯರು ಚೀಟಿಯಲ್ಲಿ ‘ಎಲ್‌ಎಸ್ ಬೆಲ್ಟ್’ ಎಂದು ಬರೆದುಕೊಡುವ, ಸರ್ಜಿಕಲ್ ಅಂಗಡಿಗಳಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಗುವ, ಬೆನ್ನಿನ ಕಡೆ ನಾಲ್ಕು ಗಟ್ಟಿ ಪಟ್ಟಿಗಳು, ಹೊಟ್ಟೆಯ ಕಡೆ ಅಗಲವಾದ ವೆಲ್ಕ್ರೋ, ಎರಡೂ ಪಕ್ಕಗಳಲ್ಲಿ ಎಳೆದು ಬಿಗಿಸಿಕೊಳ್ಳುವ ಇಲಾಸ್ಟಿಕ್ ಇರುವ ಮಾಮೂಲಿ ಬೆಲ್ಟ್ ಅದು. ಹದಿನಾಲ್ಕು ತಿಂಗಳಿಂದ ಅದನ್ನು ಬಳಸುತ್ತಿದ್ದೇನೆ. ಇದೇ ಮಾದರಿಯನ್ನು ಹಲವು ಕಂಪನಿಗಳು ತಯಾರಿಸುವುದರಿಂದ, ಕಂಪನಿಯ ಹೆಸರು ಹೇಳುವುದಕ್ಕಿಂತ ಬೆಲ್ಟಿನ ರಚನೆ, ಅದರ ಅಳತೆ ಮತ್ತು ಅದನ್ನು ನನ್ನ ಬೆನ್ನಿಗೆ ಹೊಂದಿಸಿಕೊಟ್ಟ ಅಂಗಡಿಯ ಕೆಲಸವನ್ನು ವಿವರಿಸುವುದೇ ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ. ಸೊಂಟ ಹಿಡಿದುಕೊಂಡಿದೆಯೆಂದು ಒಂದು ವಾರದ ಮಟ್ಟಿಗೆ ಬೆಲ್ಟ್ ಹುಡುಕುತ್ತಿರುವವರಿಗೆ ಈ ಬರಹದಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿಸಿಕೊಂಡು, ಬೆಸೆದ ಭಾಗದ ಮೇಲಿನ ಡಿಸ್ಕ್ (ಎರಡು ಮೂಳೆಗಳ ನಡುವಿನ ಮೆತ್ತೆ) ಮತ್ತೆ ಸವೆಯುತ್ತಿದೆ ಎಂಬ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದವರಿಗಾಗಿ, ಅವರನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬೆನ್ನಿನ ಸ್ಥಿತಿಯನ್ನು ಹೇಳದೆ ಬೆಲ್ಟಿನ ಗುಣದೋಷಗಳನ್ನು ಹೇಳಲಾಗುವುದಿಲ್ಲ. 2009ರಲ್ಲಿ, ನನಗೆ 43 ವರ್ಷವಾಗಿದ್ದಾಗ, ಸೊಂಟದ ಕೆಳಗಿನ ಎರಡು ಕೀಲುಗಳನ್ನು, ಅಂದರೆ ಎಲ್4–ಎಲ್5 ಮತ್ತು ಎಲ್5–ಎಸ್1 ಎಂದು ಕರೆಯುವ ಜಾಗಗಳನ್ನು, ಸ್ಕ್ರೂ ಮತ್ತು ರಾಡ್ ಹಾಕಿ ಬೆಸೆದರು. ಸೊಂಟದ ಐದು ಮೂಳೆಗಳನ್ನು ಮೇಲಿನಿಂದ ಕೆಳಕ್ಕೆ ಎಲ್1ರಿಂದ ಎಲ್5 ಎಂದೂ, ಅವುಗಳ ಕೆಳಗಿರುವ ತ್ರಿಕಾಸ್ಥಿ ಎಂಬ ತ್ರಿಕೋನದ ಮೂಳೆಯ ಮೇಲ್ಭಾಗವನ್ನು ಎಸ್1 ಎಂದೂ ಕರೆಯುತ್ತಾರೆ. ಎಡಪಾದವನ್ನು ಮೇಲಕ್ಕೆತ್ತಲಾಗದೆ ನಡೆಯುವಾಗಲೇ ಚಪ್ಪಲಿ ಕಳಚಿ ಹಿಂದೆ ಉಳಿದುಬಿಡುತ್ತಿದ್ದ ಕಾಲ ಅದು. ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರಕ್ಕೆ ಪಾದಕ್ಕೆ ಬಲ ಮರಳಿತು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ವಿಷಾದವಿಲ್ಲ. 2016ರಲ್ಲಿ ಅದರ ಮೇಲಿನ ಕೀಲು ಹೋಯಿತು, ಎಲ್3–ಎಲ್4 ಬೆಸೆದರು. 2022ರಲ್ಲಿ ಎಲ್2–ಎಲ್3. ಸೊಂಟದಲ್ಲಿ ಬಾಗಬಲ್ಲ ಐದು ಕೀಲುಗಳಲ್ಲಿ ನಾಲ್ಕು ಈಗ ಒಂದೇ ಮೂಳೆಯಂತೆ ಸೇರಿಕೊಂಡಿವೆ. ಉಳಿದಿರುವುದು ಎಲ್1–ಎಲ್2 ಒಂದೇ. ಕಳೆದ ವರ್ಷದ ಎಂಆರ್‌ಐ ವರದಿಯಲ್ಲಿ ಅದರ ಡಿಸ್ಕ್ ಒಣಗಿ ಎತ್ತರ ಕಳೆದುಕೊಳ್ಳುತ್ತಿದೆ ಎಂದು ಬರೆದಿತ್ತು.

ಹೀಗೇಕೆ ಆಗುತ್ತದೆಂದು ನನ್ನ ಶಸ್ತ್ರಚಿಕಿತ್ಸಕರು ಮೊದಲ ಸಲವೇ ವಿವರಿಸಿದ್ದರು, ನಾನು ಆಗ ಕಾಲಿನ ನೋವಿನಲ್ಲಿ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಸೊಂಟದ ಒಂದೊಂದು ಕೀಲೂ ಮುಂದಕ್ಕೂ ಹಿಂದಕ್ಕೂ ಸೇರಿ ಸುಮಾರು 12ರಿಂದ 17 ಡಿಗ್ರಿಯಷ್ಟು ಬಾಗುತ್ತದೆ. ಒಂದು ಕೀಲನ್ನು ಬೆಸೆದಾಗ ಆ ಕೀಲು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ, ಬಾಗುವ ಅಗತ್ಯವಂತೂ ದಿನಕ್ಕೆ ನೂರು ಸಲ ಬರುತ್ತಲೇ ಇರುತ್ತದೆ, ಆದ್ದರಿಂದ ಅದರ ಪಾಲು ಪಕ್ಕದ ಕೀಲಿನ ಮೇಲೆ ಬೀಳುತ್ತದೆ. ವಯಸ್ಸಿನ ಸವೆತವೂ ಹುಟ್ಟಿನಿಂದ ಬಂದ ದೇಹಗುಣವೂ ಜೊತೆಗೂಡಿದರೆ ಆ ಕೀಲು ಬೇಗ ದಣಿಯುತ್ತದೆ. ಗಿಸೆಲ್ಲಿ ಮತ್ತು ಸಂಗಡಿಗರು ಸೊಂಟದ ಫ್ಯೂಷನ್, ಅಂದರೆ ಈ ಬೆಸೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡ 215 ರೋಗಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪಕ್ಕದ ಕೀಲಿಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಐದು ವರ್ಷದಲ್ಲಿ ಶೇಕಡಾ 16.5, ಹತ್ತು ವರ್ಷದಲ್ಲಿ ಶೇಕಡಾ 36.1. ನಾನು ಆ ಮೂರರಲ್ಲಿ ಒಬ್ಬಳ ಗುಂಪಿಗೆ ಸೇರಿದವಳು, ಅದೂ ಎರಡು ಸಲ. ಈ ಅಂಕಿಗಳನ್ನು ಭಯಪಡಿಸುವುದಕ್ಕಾಗಿ ಹೇಳುತ್ತಿಲ್ಲ. ಹತ್ತು ವರ್ಷ ಕಳೆದರೂ ಮೂವರಲ್ಲಿ ಇಬ್ಬರಿಗೆ ಎರಡನೆಯ ಶಸ್ತ್ರಚಿಕಿತ್ಸೆಯ ಅಗತ್ಯ ಬರುವುದಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಆದರೆ ಬೆಲ್ಟ್ ಕೊಳ್ಳುವಾಗ ನೋಡಬೇಕಾದದ್ದು ಯಾವ ಕೀಲನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೆಸೆದ ಭಾಗಕ್ಕೆ ಒಳಗಿನಿಂದಲೇ ಟೈಟಾನಿಯಂ ಆಸರೆ ಇದೆ. ಹೊರಗಿನಿಂದ ಆಸರೆ ಬೇಕಾಗಿರುವುದು ಅದರ ಮೇಲೆ ಒಂಟಿಯಾಗಿ ಉಳಿದ ಕೀಲಿಗೆ.

ಇಷ್ಟು ತಿಳಿಯುವುದಕ್ಕೆ ನನಗೆ ಎರಡು ಬೆಲ್ಟುಗಳ ಹಣವೂ ಒಂದೂವರೆ ವರ್ಷದ ನೋವೂ ಖರ್ಚಾದವು. ಮೂರನೆಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಅಲ್ಲಿನ ಔಷಧಿ ಕೌಂಟರಿನಲ್ಲಿ ಗುಳಿಗೆಗಳ ಜೊತೆಗೆ ಬೆಲ್ಟಿನ ಡಬ್ಬಿಯನ್ನೂ ಕೊಟ್ಟರು. ಕೌಂಟರಿನ ಹುಡುಗ ನನ್ನನ್ನು ಒಮ್ಮೆ ಕಣ್ಣಿನಲ್ಲೇ ಅಳೆದು, ‘ಮೀಡಿಯಂ ಸಾಕು’ ಎಂದು ಹೇಳಿದ. ಟೇಪು ಹಿಡಿಯಲಿಲ್ಲ. ನಾನು ಗಾಲಿಕುರ್ಚಿಯಲ್ಲಿ ಕುಳಿತಿದ್ದೆ, ಎದ್ದು ನಿಂತು ತೊಟ್ಟು ನೋಡುವ ಶಕ್ತಿ ಇರಲಿಲ್ಲ, ನಮ್ಮ ಯಜಮಾನರು ಬಿಲ್ಲಿನ ಸಾಲಿನಲ್ಲಿದ್ದರು. ಮನೆಗೆ ಬಂದು ನೋಡಿದರೆ ಅದರ ಹಿಂಭಾಗದ ಎತ್ತರ ಎಂಟು ಅಂಗುಲ ಮಾತ್ರ. ಕೆಳಗಿನ ಅಂಚನ್ನು ತ್ರಿಕಾಸ್ಥಿಯ ಮಧ್ಯಕ್ಕೆ ಇಟ್ಟರೆ ಮೇಲಿನ ಅಂಚು ಸರಿಯಾಗಿ ಎಲ್2ರ ಹತ್ತಿರ, ಅಂದರೆ ನನ್ನ ಬೆಸುಗೆ ಮುಗಿಯುವ ಜಾಗದಲ್ಲೇ ಮುಗಿಯುತ್ತಿತ್ತು. ಗಾಯ ಆರುವವರೆಗೆ ಅದು ತೊಂದರೆ ಕೊಡಲಿಲ್ಲ. ಮತ್ತೆ ಪಾಠ ಮಾಡಲು ಕಾಲೇಜಿಗೆ ಹೋಗಲು ಆರಂಭಿಸಿದ ಮೇಲೆ, ಬೆಲ್ಟ್ ತೊಟ್ಟ ದಿನಗಳಲ್ಲಿ ಬೆಲ್ಟಿನ ಮೇಲಂಚಿನ ನೇರಕ್ಕೆ ಒಂದು ಚಳುಕು ಕಾಣಿಸಿಕೊಂಡಿತು. ಮುಂದಕ್ಕೆ ವಾಲಿದಾಗಲೆಲ್ಲ, ಉದ್ದನೆಯ ಹಲಗೆಯನ್ನು ಕಲ್ಲಿನ ಅಂಚಿಗೆ ಇಟ್ಟು ಒತ್ತಿದಂತೆ, ಬೆನ್ನು ಆ ಒಂದೇ ಗೆರೆಯಲ್ಲಿ ಮಡಚಿಕೊಳ್ಳುತ್ತಿತ್ತು. ನನ್ನ ಬೆನ್ನು ಹಾಳಾಗಿದ್ದು ಆ ಬೆಲ್ಟಿನಿಂದ ಎಂದು ನಾನು ಹೇಳುವುದಿಲ್ಲ. ಆದರೆ ಮೂರು ಶಸ್ತ್ರಚಿಕಿತ್ಸೆಯಾದ ರೋಗಿಗೆ ಯಾವ ಎತ್ತರದ ಬೆಲ್ಟ್ ಬೇಕು ಎಂದು ಚೀಟಿಯಲ್ಲಿ ಒಂದು ಪದ ಬರೆಯುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಎರಡನೆಯ ಬೆಲ್ಟನ್ನು ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದೆ; ಅದು ಎತ್ತರವಿತ್ತು, ಆದರೆ ಹಿಂದಿನ ಪಟ್ಟಿಗಳು ಬಾಗದ ಪ್ಲಾಸ್ಟಿಕ್ಕಿನವು, ಶಸ್ತ್ರಚಿಕಿತ್ಸೆಯ ಗಾಯದ ಗುರುತಿನ ಮೇಲೆ ಒತ್ತಿ ಎರಡು ಗಂಟೆಯೊಳಗೆ ಚರ್ಮ ಕೆಂಪಾಗುತ್ತಿತ್ತು. ಅದು ಈಗ ಅಟ್ಟದ ಮೇಲಿದೆ.

ಈಗಿನ ಬೆಲ್ಟನ್ನು ಕೊಂಡಿದ್ದು ಮೈಸೂರಿನ ದೊಡ್ಡಾಸ್ಪತ್ರೆಯ ಆಸುಪಾಸಿನ ಒಂದು ಚಿಕ್ಕ ಸರ್ಜಿಕಲ್ ಅಂಗಡಿಯಲ್ಲಿ. ಒಬ್ಬರೇ ನಡೆಸುವ ಅಂಗಡಿ. ಬಾಗಿಲಲ್ಲಿ ಊರುಗೋಲುಗಳು, ವಾಕರ್‌ಗಳು, ಕಮೋಡ್ ಕುರ್ಚಿಗಳು, ಒಳಗೆ ಇಬ್ಬರು ನಿಲ್ಲುವಷ್ಟು ಜಾಗ. ಅಂಗಡಿಯವರಿಗೆ ಅರವತ್ತು ದಾಟಿರಬಹುದು, ಹಿಂದೆ ಕೃತಕ ಕಾಲು ಮತ್ತು ಕ್ಯಾಲಿಪರ್ ಮಾಡುವ ಕಾರ್ಯಾಗಾರದಲ್ಲಿ ಕೆಲಸ ಮಾಡಿದವರಂತೆ. ಅವರು ಮೊದಲು ಕೇಳಿದ್ದು ಸೊಂಟದ ಸುತ್ತಳತೆಯನ್ನಲ್ಲ. ‘ಎಲ್ಲಿಂದ ಎಲ್ಲಿವರೆಗೆ ಸ್ಕ್ರೂ ಹಾಕಿದ್ದಾರೆ, ಎಕ್ಸ್‌ರೇ ಇದ್ರೆ ತೋರಿಸಿ ಮೇಡಂ’ ಎಂದರು. ಫೋನಿನಲ್ಲಿದ್ದ ಚಿತ್ರವನ್ನು ತೋರಿಸಿದೆ. ಎಂಟು ಅಂಗುಲದ್ದನ್ನು ಎತ್ತಿ ಪಕ್ಕಕ್ಕಿಟ್ಟು, ಹಿಂಭಾಗ ಹನ್ನೆರಡು ಅಂಗುಲ ಎತ್ತರವಿರುವ ಬೆಲ್ಟನ್ನು ತೆಗೆದರು. ಆಮೇಲೆ ಅಂಗಡಿಯಲ್ಲಿದ್ದ ಮರದ ಸ್ಟೂಲನ್ನು ತೋರಿಸಿ, ‘ಹಾಕ್ಕೊಂಡು ಒಂದ್ಸಲ ಕೂತ್ಕೊಳ್ಳಿ, ನಿಂತಾಗ ಎಲ್ಲಾ ಬೆಲ್ಟೂ ಸರಿಯಾಗೇ ಇರುತ್ತೆ’ ಎಂದರು. ಕುಳಿತೆ. ಮುಂದಿನ ಅಂಚು ತೊಡೆಗೆ ಒತ್ತಿ ಇಡೀ ಬೆಲ್ಟ್ ಎರಡು ಬೆರಳಿನಷ್ಟು ಮೇಲಕ್ಕೆ ಸರಿಯಿತು. ಒಂದು ಅಳತೆ ದೊಡ್ಡದನ್ನು ಕೊಟ್ಟು, ಹೊಟ್ಟೆಯ ಭಾಗವನ್ನು ಸ್ವಲ್ಪ ಮೇಲಕ್ಕೆ, ಬೆನ್ನಿನ ಭಾಗವನ್ನು ಸ್ವಲ್ಪ ಕೆಳಕ್ಕೆ ಓರೆಯಾಗಿ ಕಟ್ಟಿ ತೋರಿಸಿದರು. ಈ ಸಲ ಕುಳಿತರೂ ಬೆಲ್ಟ್ ಕದಲಲಿಲ್ಲ.

ಅಷ್ಟಕ್ಕೇ ಕಳಿಸಿದ್ದರೂ ನಾನು ತೃಪ್ತಳಾಗಿ ಹೋಗುತ್ತಿದ್ದೆ. ಅವರು ಬೆಲ್ಟನ್ನು ಬಿಚ್ಚಿಸಿ, ಒಳಗಿನ ಬಟ್ಟೆಯ ಚೀಲಗಳಿಂದ ನಾಲ್ಕು ಪಟ್ಟಿಗಳನ್ನೂ ಹೊರಗೆ ಎಳೆದರು. ನಡುವಿನ ಎರಡು ಅಲ್ಯೂಮಿನಿಯಂ ಪಟ್ಟಿಗಳು, ಹೆಬ್ಬೆರಳಿನಷ್ಟು ಅಗಲ. ಪಕ್ಕದ ಎರಡು ಪ್ಲಾಸ್ಟಿಕ್ಕಿನವು. ಅಲ್ಯೂಮಿನಿಯಂ ಪಟ್ಟಿಗಳಿಗೆ ಕಾರ್ಖಾನೆಯಲ್ಲೇ ಒಂದು ಬಾಗು ಕೊಟ್ಟಿರುತ್ತಾರೆ. ಅದು ಸಾಮಾನ್ಯ ಬೆನ್ನಿನ ಒಳಬಾಗಿಗೆ ತಕ್ಕಂತೆ ಮಾಡಿದ್ದು. ಬೆಸೆದ ಬೆನ್ನಿನ ಬಾಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೇಗೆ ನಿಂತಿತೋ ಹಾಗೆಯೇ ಉಳಿದುಬಿಡುತ್ತದೆ, ನನ್ನದು ಸ್ವಲ್ಪ ಚಪ್ಪಟೆ. ಅವರು ಅನುಮತಿ ಕೇಳಿ, ನಾನು ರವಿಕೆಯ ಮೇಲೊಂದು ಶಾಲು ಹೊದ್ದು ಗೋಡೆಯ ಕಡೆ ಮುಖ ಮಾಡಿ ನಿಂತಾಗ, ಒಂದು ಪಟ್ಟಿಯನ್ನು ನನ್ನ ಬೆನ್ನಿನ ಉದ್ದಕ್ಕೆ ಇಟ್ಟು, ಎಲ್ಲೆಲ್ಲಿ ಬೆನ್ನಿಗೂ ಪಟ್ಟಿಗೂ ನಡುವೆ ಬೆಳಕು ಕಾಣುತ್ತದೆಯೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಕೌಂಟರಿನ ಅಂಚಿಗೆ ಬಟ್ಟೆ ಸುತ್ತಿ, ಪಟ್ಟಿಯನ್ನು ಅದರ ಮೇಲೆ ಇಟ್ಟು ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಒತ್ತುತ್ತಾ ಬಾಗಿಸಿದರು. ಮತ್ತೆ ಬೆನ್ನಿಗೆ ಹಿಡಿದರು, ಮತ್ತೆ ಬಾಗಿಸಿದರು. ಹೀಗೆ ಐದಾರು ಸಲ. ಸ್ಕ್ರೂವಿನ ತಲೆ ಚರ್ಮದಡಿಯಲ್ಲಿ ಕೈಗೆ ಸಿಗುವ ಜಾಗವೊಂದು ನನ್ನ ಬಲಗಡೆ ಇದೆ. ಅದನ್ನು ತಪ್ಪಿಸಲು ಬಲಗಡೆಯ ಪಟ್ಟಿಯನ್ನು ಅರ್ಧ ಅಂಗುಲ ಹೊರಗೆ ಸರಿಸಿ, ಬಟ್ಟೆಯ ಚೀಲದ ಹೊಲಿಗೆಯನ್ನು ಪಕ್ಕದ ದರ್ಜಿಯ ಹತ್ತಿರ ಬಿಚ್ಚಿಸಿ ಹೊಲಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಬೆಲ್ಟಿಗೆ 1,150 ರೂಪಾಯಿ, ಹೊಲಿಗೆಗೆ 40 ರೂಪಾಯಿ ತೆಗೆದುಕೊಂಡರು, ಪಟ್ಟಿ ಬಾಗಿಸಿದ್ದಕ್ಕೆ ಬೇರೆ ಹಣ ಕೇಳಲಿಲ್ಲ.

ಈ ಬೆಲ್ಟಿನ ಮೇಲಂಚು ನನ್ನ ಬೆನ್ನಿನಲ್ಲಿ ಪಕ್ಕೆಲುಬು ಮುಗಿಯುವ ಜಾಗಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ, ಹೀಗಾಗಿ ಸವೆಯುತ್ತಿರುವ ಎಲ್1–ಎಲ್2 ಕೀಲು ಬೆಲ್ಟಿನ ಒಳಗಿದೆ. ಹಳೆಯ ಬೆಲ್ಟಿನಲ್ಲಿ ಬರುತ್ತಿದ್ದ ಆ ಒಂದು ಗೆರೆಯ ಚಳುಕು ಮೊದಲ ವಾರದಲ್ಲೇ ಕಡಿಮೆಯಾಯಿತು. ಬೆಲ್ಟಿನ ಅಂಚಿನ ವಿಷಯದಲ್ಲಿ ನನಗಾದ ಅನುಭವಕ್ಕೆ ಹಳೆಯ ಆಧಾರವೂ ಇದೆಯೆಂದು ಆಮೇಲೆ ತಿಳಿಯಿತು. ನಾರ್ಟನ್ ಮತ್ತು ಬ್ರೌನ್ ಎಂಬ ಸಂಶೋಧಕರು, ಬೆನ್ನುಮೂಳೆಯ ಹಿಂಚಾಚುಗಳಿಗೆ ಸಣ್ಣ ತಂತಿಗಳನ್ನು ಚುಚ್ಚಿಸಿಕೊಂಡ ಸ್ವಯಂಸೇವಕರಿಗೆ ಬಗೆಬಗೆಯ ಬ್ರೇಸುಗಳನ್ನು (ಬೆನ್ನಿಗೆ ಹೊರಗಿನಿಂದ ಆಸರೆ ಕೊಡುವ ಕಟ್ಟುಗಳನ್ನು) ತೊಡಿಸಿ ಚಲನೆಯನ್ನು ಅಳೆದು 1957ರಲ್ಲಿ ಪ್ರಕಟಿಸಿದರು. ಯಾವ ಬ್ರೇಸೂ ಸೊಂಟವನ್ನು ಪೂರ್ತಿಯಾಗಿ ನಿಲ್ಲಿಸಲಿಲ್ಲ; ಬ್ರೇಸಿನ ಹಿಡಿತ ಮುಗಿಯುವ ಕಡೆ, ಸೊಂಟದ ಬುಡದ ಕೀಲಿನಲ್ಲಿ, ಚಲನೆ ಕಡಿಮೆಯಾಗುವ ಬದಲು ಹೆಚ್ಚಾದದ್ದೂ ಕಂಡುಬಂತು. ಅವರು ನೋಡಿದ್ದು ಕೆಳಗಿನ ಕೀಲನ್ನು, ನನ್ನ ಚಿಂತೆ ಮೇಲಿನ ಕೀಲಿನದು, ಆದರೂ ಬೆಲ್ಟ್ ಎಲ್ಲಿ ಮುಗಿಯುತ್ತದೆ ಎಂಬುದು ಅದು ಎಷ್ಟು ಬಿಗಿಯಾಗಿದೆ ಎಂಬುದರಷ್ಟೇ ಮುಖ್ಯ ಎಂದು ನನಗೆ ಮನವರಿಕೆಯಾಯಿತು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೆಲ್ಟನ್ನು ದಿನವಿಡೀ ತೊಡುವುದಿಲ್ಲ, ತೊಡಬಾರದೆಂದು ಫಿಸಿಯೋಥೆರಪಿಯವರ ಕಟ್ಟಪ್ಪಣೆಯಿದೆ. ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳು ತಮ್ಮ ಕೆಲಸವನ್ನು ಬೆಲ್ಟಿಗೆ ಒಪ್ಪಿಸಿ ಸುಮ್ಮನಾಗಬಾರದು ಎಂಬುದು ಅವರ ಕಾಳಜಿ. ಬಸ್ಸಿನಲ್ಲಿ ಹೋಗುವ ಬರುವ ಹೊತ್ತು, ನಿಂತು ಪಾಠ ಮಾಡುವ ಎರಡು ಪಿರಿಯಡ್, ಮನೆಯಲ್ಲಿ ಅಡುಗೆಯ ಒಂದು ಗಂಟೆ, ಹೀಗೆ ದಿನಕ್ಕೆ ನಾಲ್ಕು ಗಂಟೆ ಮೀರದಂತೆ ತೊಡುತ್ತೇನೆ. ಬಸ್ಸಿನಲ್ಲಿ ಇದರ ಉಪಯೋಗ ಅತಿ ಹೆಚ್ಚು. ರಸ್ತೆಯ ಉಬ್ಬುಗಳನ್ನು ಬಸ್ಸು ದಾಟುವಾಗ ಮೈ ಮುಂದಕ್ಕೆ ಕುಸಿಯದಂತೆ ತಡೆಯುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟನ್ನು ಬಿಟ್ಟು ನಡುವಿನ ಸೀಟು ಹಿಡಿದರೆ ಇಳಿಯುವಾಗ ಕಾಲು ಜೋಮು ಹಿಡಿದಿರುವುದಿಲ್ಲ. ಅಡುಗೆಮನೆಯಲ್ಲಿ ಇದರ ಕೆಲಸ ಬೇರೆ ರೀತಿಯದು. ಕೆಳಗಿನ ಕಪಾಟಿನಿಂದ ಕುಕ್ಕರ್ ತೆಗೆಯಲು ಮರೆತು ಬಾಗಿದರೆ ಬೆಲ್ಟಿನ ಮುಂದಿನ ಅಂಚು ಹೊಟ್ಟೆಗೆ ಒತ್ತುತ್ತದೆ, ಆ ಒತ್ತು ಬಿದ್ದ ಕೂಡಲೇ ನೆನಪಾಗಿ ಮಂಡಿ ಮಡಚಿ ಕೂರುತ್ತೇನೆ. ಹದಿನಾಲ್ಕು ತಿಂಗಳಲ್ಲಿ ಬೆಲ್ಟ್ ನನಗೆ ಮಾಡಿದ ದೊಡ್ಡ ಉಪಕಾರ ಇದೇ. ಈಗ ಬೆಲ್ಟ್ ಇಲ್ಲದ ಹೊತ್ತಿನಲ್ಲೂ ತೊಡೆಯ ಕೀಲಿನಿಂದ ಬಾಗುವುದು ಅಭ್ಯಾಸವಾಗಿದೆ.

ಬಾಗುವುದಕ್ಕೂ ಬಾಗಿ ಎತ್ತುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಇಲ್ಲಿ ಹೇಳಬೇಕು. ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಮತ್ತು ಸಂಗಡಿಗರು ಆರೋಗ್ಯವಂತನೊಬ್ಬನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಾಧನವಿಟ್ಟು 1999ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಅಂಗಾತ ಮಲಗಿದಾಗ 0.1, ನಿಂತಾಗ 0.5, ಮುಂದಕ್ಕೆ ಬಾಗಿದಾಗ 1.1, ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3 ಮೆಗಾಪಾಸ್ಕಲ್ (ಒತ್ತಡದ ಅಳತೆ). ನೀರು ತುಂಬಿದ ದೊಡ್ಡ ಬಕೆಟ್ಟಿನ ತೂಕವೂ ಸುಮಾರು 20 ಕಿಲೋ. ಬೆಸೆದ ಬೆನ್ನಿನಲ್ಲಿ ಬಾಗುವ ಕೆಲಸವನ್ನು ಐದು ಕೀಲುಗಳು ಹಂಚಿಕೊಳ್ಳುವುದೂ ಇಲ್ಲ. ಬೆಲ್ಟ್ ಕಟ್ಟಿಕೊಂಡಿದ್ದೇನೆಂಬ ಧೈರ್ಯದಲ್ಲಿ ಬಕೆಟ್ ಎತ್ತುವುದು ಬೆಲ್ಟ್ ಇಲ್ಲದೆ ಎತ್ತುವುದಕ್ಕಿಂತ ಅಪಾಯಕರ ಎಂದು ನನಗನ್ನಿಸುತ್ತದೆ, ಏಕೆಂದರೆ ಬೆಲ್ಟ್ ಇಲ್ಲದಿದ್ದರೆ ನಾವು ಎತ್ತುವ ಯೋಚನೆಯನ್ನೇ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಈಗ ಸ್ನಾನದ ಬಕೆಟ್ ಮಣೆಯ ಮೇಲಿರುತ್ತದೆ, ಅದನ್ನು ಯಾರೂ ಎತ್ತುವುದಿಲ್ಲ, ಚೊಂಬಿನಿಂದ ಮೊಗೆದು ಸುರಿದುಕೊಳ್ಳುವುದಷ್ಟೇ.

ಸೀರೆ ಉಡುವವರಿಗೆ ಈ ಬೆಲ್ಟಿನಲ್ಲಿ ಒಂದು ತೊಡಕಿದೆ, ಅದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಒಳಲಂಗದ ಲಾಡಿಯ ಗಂಟು ಬೆಲ್ಟಿನ ಅಡಿಗೆ ಬಂದರೆ ಒಂದು ಗಂಟೆಯೊಳಗೆ ಹೊಟ್ಟೆಯ ಮೇಲೆ ಬರೆ ಬೀಳುತ್ತದೆ. ಬೆಲ್ಟನ್ನು ಸೀರೆಯ ಮೇಲೆ ಕಟ್ಟಿದರೆ ನೆರಿಗೆಯ ದಪ್ಪದಿಂದ ಹಿಡಿತ ಸಡಿಲವಾಗುತ್ತದೆ, ಜೊತೆಗೆ ತರಗತಿಯಲ್ಲಿ ಮಕ್ಕಳ ಕಣ್ಣೆಲ್ಲ ಅದರ ಮೇಲೆ. ನಾನು ಕಂಡುಕೊಂಡ ದಾರಿ ಹೀಗಿದೆ: ತೆಳುವಾದ ಹತ್ತಿಯ ಬನಿಯನ್, ಅದರ ಮೇಲೆ ಬೆಲ್ಟ್, ಬೆಲ್ಟಿನ ಕೆಳಗಿನ ಅಂಚಿಗಿಂತ ಕೆಳಗೆ ಸೊಂಟದ ಮೂಳೆಯ ಮೇಲೆ ಲಾಡಿಯ ಬದಲು ಅಗಲವಾದ ಇಲಾಸ್ಟಿಕ್ ಹಾಕಿಸಿದ ಒಳಲಂಗ, ಆಮೇಲೆ ಸೀರೆ. ಶೌಚಾಲಯಕ್ಕೆ ಹೋಗುವಾಗ ಬೆಲ್ಟ್ ಬಿಚ್ಚುವ ಅಗತ್ಯ ಇದರಿಂದ ತಪ್ಪಿತು. ಕಾಲೇಜಿನ ಶೌಚಾಲಯದಲ್ಲಿ ಬೆಲ್ಟನ್ನು ಬಿಚ್ಚಿ ಇಡಲು ಒಂದು ಗೂಟವೂ ಇಲ್ಲದ ಕಡೆ ಇದು ಸಣ್ಣ ಮಾತಲ್ಲ. ಮದುವೆ ಮನೆಗಳಲ್ಲಿ ನೆಲದ ಪಂಕ್ತಿಯಲ್ಲಿ ಕೂರುವುದನ್ನು ನಾನು 2016ರಲ್ಲೇ ಬಿಟ್ಟೆ. ಮೇಜಿನ ಊಟಕ್ಕೂ ಬೆಲ್ಟನ್ನು ಒಂದು ಹಂತ ಸಡಿಲಿಸಬೇಕು, ಇಲ್ಲದಿದ್ದರೆ ಊಟವಾದ ಮೇಲೆ ಎದೆಯುರಿ ಬರುತ್ತದೆ. ಪಕ್ಕದ ಇಲಾಸ್ಟಿಕ್ ಎಳೆಗಳು ಹೊರಗಿರುವುದರಿಂದ ಸಡಿಲಿಸುವುದು ಸುಲಭ. ಈ ವಿಷಯದಲ್ಲಿ ಬೆಲ್ಟಿನ ರಚನೆಗೆ ಪೂರ್ತಿ ಅಂಕ ಕೊಡುತ್ತೇನೆ.

ಬೆಲ್ಟಿನಿಂದ ಸವೆದ ಡಿಸ್ಕ್ ಸರಿಯಾಗುವುದಿಲ್ಲ. ಮಾರಾಟಗಾರರ ಚಿತ್ರಗಳಲ್ಲಿ ಬೆನ್ನಿನ ಮೇಲೆ ಹಸಿರು ಬೆಳಕು ಹರಿಯುವಂತೆ ತೋರಿಸುವುದನ್ನು ನೋಡಿ ಮೋಸ ಹೋಗಬಾರದು. ಸಾಮಾನ್ಯ ಸೊಂಟನೋವಿಗೆ, ಕಾಲಿನ ಸೆಳೆತ ಇರಲಿ ಇಲ್ಲದಿರಲಿ, ಬೆಲ್ಟನ್ನಾಗಲೀ ಕಾರ್ಸೆಟ್ಟನ್ನಾಗಲೀ ಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸಂಶೋಧನಾ ಪ್ರಯೋಗದ ಭಾಗವಾಗಿ ಅಲ್ಲದೆ ಬರೀ ಸೊಂಟನೋವಿಗೆ ಫ್ಯೂಷನ್ ಮಾಡಬೇಡಿ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಇದನ್ನು ನಾನು ನನ್ನ ವೈದ್ಯರ ಮುಂದೆ ಇಟ್ಟೆ. ಅವರು ತಪ್ಪು ತಿಳಿಯದೆ, ನನ್ನದು ಬರೀ ಸೊಂಟನೋವಾಗಿರಲಿಲ್ಲ, ನರದ ಮೇಲಿನ ಒತ್ತಡದಿಂದ ಪಾದ ಸೋಲುತ್ತಿತ್ತು, ಮೂಳೆ ಜಾರಿತ್ತು, ಆದ್ದರಿಂದ ಬೆಸೆಯಬೇಕಾಯಿತು ಎಂದು ಎಕ್ಸ್‌ರೇ ತೋರಿಸಿ ವಿವರಿಸಿದರು. ಬೆಲ್ಟಿನ ಬಗ್ಗೆ ಅವರ ಮಾತು: ನಿಮಗೆ ಅದು ಕೆಲಸ ಮಾಡಲು, ನಡೆಯಲು ಅನುಕೂಲ ಮಾಡಿಕೊಟ್ಟರೆ ತೊಡಿ, ನಡೆಯುವುದನ್ನು ಕಡಿಮೆ ಮಾಡಿಸಿದರೆ ತೆಗೆದಿಡಿ. ನನ್ನ ಮಟ್ಟಿಗೆ ಈ ಅಳತೆಗೋಲು ಸಾಕು. ಬೆಲ್ಟ್ ಬರುವ ಮೊದಲು ಸಂಜೆ ಹದಿನೈದು ನಿಮಿಷ ನಡೆಯುತ್ತಿದ್ದೆ, ಈಗ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಲವತ್ತು ನಿಮಿಷ ನಡೆಯುತ್ತೇನೆ, ಅದರಲ್ಲಿ ಮೊದಲ ಇಪ್ಪತ್ತು ನಿಮಿಷ ಬೆಲ್ಟ್ ಇಲ್ಲದೆ.

ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಅಚ್ಚು ತೆಗೆದು ಮಾಡಿಸಿದ ಗಟ್ಟಿ ಪ್ಲಾಸ್ಟಿಕ್ ಬ್ರೇಸನ್ನೂ ಮೂರು ತಿಂಗಳು ತೊಟ್ಟಿದ್ದೇನೆ, ಹೀಗಾಗಿ ಎರಡನ್ನೂ ಹೋಲಿಸಬಲ್ಲೆ. ಎದೆಯಿಂದ ತೊಡೆಯ ಸಂದಿನವರೆಗೆ ಚಿಪ್ಪಿನಂತೆ ಎರಡು ಹೋಳು. 7,500 ರೂಪಾಯಿ ಕೊಟ್ಟಿದ್ದೆ. ಮೂಳೆ ಕೂಡಿಕೊಳ್ಳುವ ಆ ತಿಂಗಳುಗಳಲ್ಲಿ ಅದು ಕೊಟ್ಟ ಭದ್ರತೆಯನ್ನು ಬಟ್ಟೆಯ ಬೆಲ್ಟ್ ಕೊಡಲಾರದು. ಆದರೆ ಅದನ್ನು ಒಬ್ಬಳೇ ತೊಡಲು ಆಗುತ್ತಿರಲಿಲ್ಲ, ಮಲಗಿಕೊಂಡು ಇನ್ನೊಬ್ಬರಿಂದ ತೊಡಿಸಿಕೊಳ್ಳಬೇಕಿತ್ತು, ಏಪ್ರಿಲ್ ಮೇ ತಿಂಗಳ ಸೆಖೆಯಲ್ಲಿ ಒಳಗಿನ ಬನಿಯನ್ನನ್ನು ದಿನಕ್ಕೆ ಮೂರು ಸಲ ಬದಲಿಸಬೇಕಿತ್ತು. ವೈದ್ಯರು ಇಂತಿಷ್ಟು ವಾರವೆಂದು ಹೇಳಿ ಬರೆದುಕೊಟ್ಟರೆ ಮಾತ್ರ ಅದನ್ನು ಮಾಡಿಸಿಕೊಳ್ಳಬೇಕು. ವರ್ಷಾನುಗಟ್ಟಲೆ ಬದುಕು ಸಾಗಿಸಲು ಅದು ಆಗುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ ಈ ಬೆಲ್ಟಿಗೆ ಪೂರ್ತಿ ಮೆಚ್ಚುಗೆ ಹೇಳಲಾರೆ. ಒಂಬತ್ತನೆಯ ತಿಂಗಳಿಗೆ ಮುಂದಿನ ವೆಲ್ಕ್ರೋ ಹಿಡಿತ ಕಳೆದುಕೊಳ್ಳಲಾರಂಭಿಸಿತು. ಸೀರೆಯ ಎಳೆ, ಕೂದಲು, ಹತ್ತಿಯ ಜುಂಗು ಅದರಲ್ಲಿ ತುಂಬಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಅದಕ್ಕೂ ಬಾರದಿದ್ದರೆ ಹೇನಿನ ಬಾಚಣಿಗೆಯಿಂದ ಹದಿನೈದು ದಿನಕ್ಕೊಮ್ಮೆ ಬಿಡಿಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಬಲಗಡೆಯ ಇಲಾಸ್ಟಿಕ್ ಹನ್ನೊಂದನೆಯ ತಿಂಗಳಿಗೆ ಜೋತುಬಿದ್ದು, ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ಬದಲಿಸಿಕೊಂಡೆ. ಒಗೆಯುವ ಮೊದಲು ಪಟ್ಟಿಗಳನ್ನು ತೆಗೆಯಬೇಕು, ತೆಗೆಯುವಾಗ ಎಡ ಯಾವುದು, ಬಲ ಯಾವುದು, ಮೇಲೆ ಯಾವುದು ಎಂದು ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು. ಮೊದಲ ಸಲ ನಾನು ಹಾಗೆ ಮಾಡದೆ, ಎರಡು ಪಟ್ಟಿಗಳನ್ನೂ ತಲೆಕೆಳಗಾಗಿ ತೂರಿಸಿ, ಒಂದು ದಿನವೆಲ್ಲ ಬೆನ್ನು ಏಕೆ ಒತ್ತುತ್ತಿದೆ ಎಂದು ತಿಳಿಯದೆ ಕಷ್ಟಪಟ್ಟೆ. ತಣ್ಣೀರು, ಸ್ವಲ್ಪ ಸೋಪು, ಹಿಂಡದೆ ನೆರಳಿನಲ್ಲಿ ಹರವುವುದು. ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿಯುತ್ತದೆ, ಆ ಎರಡು ದಿನಕ್ಕಾಗಿ ರಜೆಯನ್ನು ನೋಡಿಕೊಂಡೇ ಒಗೆಯುತ್ತೇನೆ. ತಯಾರಕರು ಒಂದು ಜೊತೆ ಹೆಚ್ಚುವರಿ ಒಳಬಟ್ಟೆ ಕೊಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಬೆಸೆದ ಬೆನ್ನಿಗೆ ಇಂಥ ಬೆಲ್ಟ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಮೊದಲು ನಿಮ್ಮ ವೈದ್ಯರಿಂದ ಯಾವ ಕೀಲಿನವರೆಗೆ ಬೆಸೆದಿದೆ, ಅದರ ಮೇಲಿನ ಯಾವ ಕೀಲಿನ ಬಗ್ಗೆ ಅವರಿಗೆ ಚಿಂತೆಯಿದೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬೆಲ್ಟಿನ ಎತ್ತರವನ್ನೂ ಅಂಗುಲದಲ್ಲಿ ಬರೆಯಲು ಕೇಳಿ. ಡಬ್ಬಿಯ ಮೇಲೆ ಬರೆದ ಸುತ್ತಳತೆಯನ್ನು ನಂಬದೆ ಟೇಪಿನಿಂದ ಅಳೆಸಿಕೊಳ್ಳಿ, ಕುಳಿತು ನೋಡಿ, ಹಿಂದಿನ ಪಟ್ಟಿಗಳು ಅಲ್ಯೂಮಿನಿಯಮ್ಮಿನವೇ, ಹೊರಗೆ ತೆಗೆಯಲು ಬರುತ್ತವೆಯೇ ಎಂದು ಕೈಯಿಂದ ಒತ್ತಿ ಪರೀಕ್ಷಿಸಿ. ಬೆಲೆಯಲ್ಲಿ ಮುನ್ನೂರು ನಾನೂರು ರೂಪಾಯಿ ಉಳಿಸುವುದಕ್ಕಾಗಿ ಫೋನಿನಲ್ಲಿ ತರಿಸಿಕೊಳ್ಳುವುದಕ್ಕಿಂತ, ಪಟ್ಟಿಯನ್ನು ಬೆನ್ನಿಗೆ ಹಿಡಿದು ನೋಡುವ ಅಂಗಡಿಗೆ ಆಟೋ ಮಾಡಿಕೊಂಡು ಹೋಗುವುದು ಮೇಲು. ಕಾಲಿನಲ್ಲಿ ಹೊಸದಾಗಿ ಬಲ ಕಡಿಮೆಯಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕುಳಿತಾಗ ನೆಲಕ್ಕೆ ತಾಗುವ ಭಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಬೆಲ್ಟನ್ನು ಬಿಗಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. 2016ರಲ್ಲಿ ನಾನು ಕಾಲಿನ ಬಲ ಕಡಿಮೆಯಾದದ್ದನ್ನು ಹನ್ನೊಂದು ದಿನ ಮುಚ್ಚಿಟ್ಟು, ಎಡ ಹಿಮ್ಮಡಿಯ ಸ್ಪರ್ಶವನ್ನು ಕಾಯಂ ಆಗಿ ಕಳೆದುಕೊಂಡೆ.

ಬೆಲ್ಟಿಗೆ ಐದರಲ್ಲಿ ಮೂರೂವರೆ ಅಂಕ, ಅಂಗಡಿಗೆ ಐದಕ್ಕೆ ಐದು. ಮುಂದಿನ ತಿಂಗಳು ನಿಂತ ಭಂಗಿಯ ಎಕ್ಸ್‌ರೇ ತೆಗೆಸಬೇಕಾಗಿದೆ. ಬೆಲ್ಟ್ ತೊಟ್ಟು ಒಂದು, ತೊಡದೆ ಒಂದು ತೆಗೆಸಲು ವೈದ್ಯರು ಒಪ್ಪಿದ್ದಾರೆ. ಎಲ್1–ಎಲ್2 ಎರಡರಲ್ಲೂ ಹೇಗೆ ಕಾಣುತ್ತದೆಂದು ನೋಡಿ, ಆ ಎರಡು ಚಿತ್ರಗಳನ್ನೂ ಬೆಲ್ಟನ್ನೂ ತೆಗೆದುಕೊಂಡು ಅದೇ ಅಂಗಡಿಗೆ ಹೋಗುತ್ತೇನೆ. ಪಟ್ಟಿಯ ಮೇಲ್ತುದಿಯ ಬಾಗನ್ನು ಇನ್ನೊಮ್ಮೆ ನೋಡಬೇಕೆಂದು ಅಂಗಡಿಯವರೇ ಹೇಳಿಕಳಿಸಿದ್ದಾರೆ.